ಅಣುತ್ಯಾಜ್ಯ ನಮ್ಮ ಬೆಟ್ಟಕ್ಕೆ ಬರುತ್ತದೆಯೇ? ಕೊಡಗಿನ ಓದುಗರಿಗೆ ಉತ್ತರ

ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ 700 ಮೆಗಾವ್ಯಾಟ್‌ನ ಎರಡು ಹೊಸ ಘಟಕಗಳು ಏಳುತ್ತಿರುವ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಕೊಡಗಿನವೇ ಹೆಚ್ಚು. ನಾನು ಕೆಲಸದ ಬದುಕನ್ನೆಲ್ಲ ಅಣುಸ್ಥಾವರಗಳ ವಿಕಿರಣ ಸುರಕ್ಷತೆಯ ವಿಭಾಗದಲ್ಲಿ ಕಳೆದವನು, ಈಗ ಮಡಿಕೇರಿಯ ಹತ್ತಿರ ಇರುವವನು. ಅಣು ವಿದ್ಯುತ್ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಉತ್ತರ ಓದುವ ಮುನ್ನ ನಿಮಗೆ ಇದು ಗೊತ್ತಿರಲಿ.

ಅಣುತ್ಯಾಜ್ಯವನ್ನು ಪಶ್ಚಿಮ ಘಟ್ಟದ ಬಂಡೆಯೊಳಗೆ ಹೂಳುತ್ತಾರೆ ಎಂಬ ಸಂದೇಶ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. ತಲಕಾವೇರಿಯ ಬುಡದಲ್ಲಿರುವ ನಮಗೆ ನಿದ್ದೆ ಬರುತ್ತಿಲ್ಲ. ನಿಜವೇ, ಸರ್?
— ಭಾಗಮಂಡಲದ ಓದುಗರೊಬ್ಬರು

ನಿದ್ದೆಗೆಡಬೇಡಿ. ತ್ಯಾಜ್ಯವನ್ನು ನೆಲದಾಳದಲ್ಲಿ ಶಾಶ್ವತವಾಗಿ ಹೂಳುವುದಕ್ಕೆ ಭಾರತ ಇನ್ನೂ ಯಾವ ಜಾಗವನ್ನೂ ಗೊತ್ತುಮಾಡಿಲ್ಲ. ಮುಂದೊಂದು ದಿನ ಹುಡುಕಿದರೂ ಕೊಡಗು ಆ ಪರೀಕ್ಷೆಯ ಮೊದಲ ಮೆಟ್ಟಿಲಲ್ಲೇ ನಪಾಸಾಗಬೇಕಾದ ನೆಲ. ಅಂಥ ಜಾಗಕ್ಕೆ ಬೇಕಾದದ್ದು ಬಿರುಕಿಲ್ಲದ, ನೀರಾಡದ, ಲಕ್ಷಾಂತರ ವರ್ಷ ಅಲುಗದೆ ಕೂತ ಬಂಡೆ. ನಮ್ಮಲ್ಲಿ ಏನಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಬರೆ ಕುಸಿದು ಊರಿಗೆ ಊರೇ ಖಾಲಿಯಾಯಿತು. 2020ರಲ್ಲಿ ನಿಮ್ಮ ಕಣ್ಣೆದುರೇ ಗಜಗಿರಿ ಜಾರಿತು. 2022ರ ಮಳೆಗಾಲದ ಹೊತ್ತಿಗೆ ಚೆಂಬು, ಸಂಪಾಜೆ, ಕರಿಕೆಯ ಕಡೆ ಪಾತ್ರೆ ಅಲುಗುವಷ್ಟು ನೆಲ ನಡುಗಿತು. ಇದರ ಮೇಲೆ ವರ್ಷದಲ್ಲಿ ನಾಲ್ಕು ತಿಂಗಳು ನೀರು ಕುಡಿಯುವ ಮಣ್ಣು, ಬೆಟ್ಟದ ತಲೆಯಲ್ಲೇ ಕಾವೇರಿಯ ಹುಟ್ಟು. ಯಾವ ಭೂವಿಜ್ಞಾನಿಯೂ ಇಲ್ಲಿಗೆ ಬೆರಳು ತೋರಿಸಲಾರ.

ಆದರೆ ಆ ಸಂದೇಶ ಯಾಕೆ ಅಷ್ಟು ಬೇಗ ಹಬ್ಬಿತು ಎಂದು ಕೇಳಿಕೊಂಡರೆ ನನಗೆ ಕೆಜಿಎಫ್ ನೆನಪಾಗುತ್ತದೆ. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿತ್ತು. ತ್ಯಾಜ್ಯವನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಎದ್ದಾಗ ಕೇಂದ್ರದ ಕಡೆಯಿಂದ ಕೋಲಾರದ ಪಾಳುಬಿದ್ದ ಚಿನ್ನದ ಗಣಿಯ ಹೆಸರು ಬಂತು. 2001ರಲ್ಲಿ ಗಣಿ ಮುಚ್ಚಿ ಅನ್ನ ಕಳೆದುಕೊಂಡಿದ್ದ ಜನ ಮರುದಿನದ ಪತ್ರಿಕೆಯಲ್ಲಿ ತಮ್ಮ ಊರಿನ ಹೆಸರು ನೋಡಿದರು. ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಕೇಂದ್ರ ಹಿಂದೆ ಸರಿದು, ಅಂಥ ಯೋಜನೆ ಇಲ್ಲ ಎಂದಿತು. ಅದಕ್ಕೂ ಬಹಳ ಹಿಂದೆ ಅದೇ ಗಣಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಒಂದು ಪ್ರಯೋಗ ನಡೆಸಿದ್ದರು. ಅಲ್ಲಿ ಇಟ್ಟದ್ದು ತ್ಯಾಜ್ಯವಲ್ಲ, ವಿದ್ಯುತ್ ಹೀಟರ್. ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ವರ್ಷಗಟ್ಟಲೆ ಅಳೆದರು. ಒಳ್ಳೆಯ ವಿಜ್ಞಾನವೇ. ಅದನ್ನು ಆಗಲೇ ಊರಿನವರನ್ನು ಕೂರಿಸಿಕೊಂಡು ಹೇಳಿದ್ದರೆ 2012ರಲ್ಲಿ ಆ ಊರು ಅಷ್ಟು ಹೆದರಬೇಕಿರಲಿಲ್ಲ.

ಫಿನ್‌ಲೆಂಡಿನಲ್ಲಿ ಆದದ್ದು ಬೇರೆ. ಅಲ್ಲಿ ಓಲ್ಕಿಲುವೋಟೊ ಎಂಬಲ್ಲಿ 400 ಮೀಟರಿಗೂ ಆಳಕ್ಕೆ ಸುರಂಗ ಕೊರೆದು, ತಾಮ್ರದ ಹಂಡೆಗಳಲ್ಲಿ ಉರಿದು ಮುಗಿದ ಇಂಧನ ಇಟ್ಟು ಸುತ್ತ ಜೇಡಿ ತುಂಬುವ ವ್ಯವಸ್ಥೆ ಕಟ್ಟಿದ್ದಾರೆ. ಬಂಡೆಗೆ ಸುಮಾರು 190 ಕೋಟಿ ವರ್ಷ ವಯಸ್ಸು. ನನಗೆ ಬಂಡೆಗಿಂತ ಮುಖ್ಯವೆನಿಸುವುದು ಅಲ್ಲಿನ ಕಾನೂನು: ಊರಿನ ಸ್ಥಳೀಯ ಸಂಸ್ಥೆ ‘ಬೇಡ’ ಎಂದರೆ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಊರು 2000ದಲ್ಲಿ ಒಪ್ಪಿತು, ಸಂಸತ್ತು 2001ರಲ್ಲಿ ಒಪ್ಪಿತು, ಆಮೇಲೆಯೇ ಸುರಂಗ.

ಹಾಗಾದರೆ ಕೈಗಾದಲ್ಲಿ ದಿನಾ ಹುಟ್ಟುವ ತ್ಯಾಜ್ಯ ಈಗ ಎಲ್ಲಿ ಹೋಗುತ್ತಿದೆ? ‘ಸುರಕ್ಷಿತವಾಗಿದೆ’ ಎಂಬ ಒಂದು ಪದ ಬಿಟ್ಟು ಉಳಿದದ್ದನ್ನು ಹೇಳಿ.
— ವಿರಾಜಪೇಟೆಯ ಕಾಲೇಜು ವಿದ್ಯಾರ್ಥಿನಿ

ಸರಿಯಾಗಿ ಕೇಳಿದಿರಿ, ಮಗಳೇ. ತ್ಯಾಜ್ಯ ಎಂದರೆ ಒಂದೇ ವಸ್ತು ಅಲ್ಲ, ಅಲ್ಲಿಂದ ಶುರುಮಾಡೋಣ.

ಮೊದಲನೆಯದು ಗ್ಲೌಸು, ಒರೆಸುವ ಬಟ್ಟೆ, ಫಿಲ್ಟರ್, ಹಳೆಯ ಪೈಪಿನ ತುಂಡು. ಇದರಲ್ಲಿ ವಿಕಿರಣ ಕಡಿಮೆ, ಗಾತ್ರ ಹೆಚ್ಚು. ಸುಡುವುದನ್ನು ಸುಟ್ಟು, ಒತ್ತುವುದನ್ನು ಒತ್ತಿ, ಸಿಮೆಂಟಿನಲ್ಲಿ ಬೆರೆಸಿ, ಸ್ಥಾವರದ ಆವರಣದಲ್ಲೇ ಕಾಂಕ್ರೀಟಿನ ಕಂದಕಗಳಲ್ಲಿ ಇಡುತ್ತಾರೆ. ಸುತ್ತ ಬಾವಿ ತೋಡಿ ಅದರ ನೀರನ್ನು ಆಗಾಗ ಪರೀಕ್ಷಿಸುತ್ತಾರೆ.

ಎರಡನೆಯದು ಉರಿದು ಮುಗಿದ ಇಂಧನ. ಕೈಗಾದ 220 ಮೆಗಾವ್ಯಾಟ್ ಘಟಕದ ಇಂಧನದ ಕಟ್ಟು ನೋಡಲು ಏನೂ ಅಲ್ಲ. ಅರ್ಧ ಮೀಟರ್ ಉದ್ದ, ತೋಳಿನಲ್ಲಿ ಎತ್ತಿಕೊಳ್ಳಬಹುದಾದ ಗಾತ್ರ, ಹತ್ತೊಂಬತ್ತು ಕೊಳವೆಗಳನ್ನು ಸೇರಿಸಿದ ಕಟ್ಟು, ತೂಕ ಹದಿನಾರು ಕಿಲೋ ಆಸುಪಾಸು. ಹೊಸದನ್ನು ಹತ್ತಿ ಗ್ಲೌಸು ಹಾಕಿಕೊಂಡು ನಾನೇ ಎತ್ತಿದ್ದೇನೆ. ಅದೇ ಕಟ್ಟು ರಿಯಾಕ್ಟರಿನಿಂದ ಹೊರಬಂದಾಗ ತಡೆಯಿಲ್ಲದೆ ಪಕ್ಕದಲ್ಲಿ ನಿಂತವನು ನಿಮಿಷಗಳೊಳಗೆ ಸಾಯುವಷ್ಟು ವಿಕಿರಣ ಪಡೆಯುತ್ತಾನೆ. ಹಾಗಾಗಿ ಯಂತ್ರವೇ ಅದನ್ನು ಹೊರತೆಗೆದು ಆಳವಾದ ನೀರಿನ ಕೊಳಕ್ಕೆ ಇಳಿಸುತ್ತದೆ. ದೀಪ ಆರಿಸಿದರೆ ಆ ನೀರಿನಲ್ಲಿ ತೆಳು ನೀಲಿ ಬೆಳಕು ಕಾಣುತ್ತದೆ. ಮೊದಲ ಸಲ ನೋಡಿದಾಗ ಎಷ್ಟು ಹೊತ್ತು ಕಟಕಟೆ ಹಿಡಿದು ನಿಂತಿದ್ದೆನೋ. ಕೆಲವು ಮೀಟರ್ ನೀರು ಅಷ್ಟೂ ವಿಕಿರಣವನ್ನು ತಡೆಯುತ್ತದೆ, ಬಿಸಿಯನ್ನೂ ಹೀರುತ್ತದೆ. ವರ್ಷಗಟ್ಟಲೆ ಅದು ಅಲ್ಲಿಯೇ ತಣಿಯಬೇಕು.

ಅಂಥ ಒಂದು ಘಟಕ ವರ್ಷಕ್ಕೆ ಸುಮಾರು 35 ಟನ್ ಇಂಧನ ಬಳಸುತ್ತದೆ. ತೂಕದ ಲೆಕ್ಕದಲ್ಲಿ ಕಾಫಿ ಮೂಟೆ ಹೇರುವ ನಾಲ್ಕು ಲಾರಿ. ಅಷ್ಟೇ ವಿದ್ಯುತ್ತಿಗೆ ಹತ್ತು ಲಕ್ಷ ಟನ್ ಆಸುಪಾಸು ಕಲ್ಲಿದ್ದಲು ಸುಡಬೇಕು, ಆಮೇಲೆ ಲಕ್ಷಗಟ್ಟಲೆ ಟನ್ ಬೂದಿ ಉಳಿಯುತ್ತದೆ. ಅಣು ವಿದ್ಯುತ್ತಿನ ಪರವಾಗಿ ನಾನು ನಿಲ್ಲಲು ಈ ಲೆಕ್ಕ ಒಂದು ದೊಡ್ಡ ಕಾರಣ.

ತಣಿದ ಇಂಧನವನ್ನು ಭಾರತ ಕಸ ಎಂದು ನೋಡುವುದಿಲ್ಲ. ಅದರಲ್ಲಿ ನೂರಕ್ಕೆ ಸುಮಾರು 99 ಪಾಲು ಯುರೇನಿಯಂ ಹಾಗೆಯೇ ಇರುತ್ತದೆ, ಸ್ವಲ್ಪ ಪ್ಲುಟೋನಿಯಂ ಹುಟ್ಟಿರುತ್ತದೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಇವೆರಡನ್ನು ಬೇರ್ಪಡಿಸುತ್ತಾರೆ. ಕೊನೆಗೆ ಉಳಿಯುವ ದ್ರವವೇ ನಿಜವಾದ ಅಣುತ್ಯಾಜ್ಯ, ತೀವ್ರ ವಿಕಿರಣದ್ದು. ಅದನ್ನು ಗಾಜಿನ ಪುಡಿಯೊಂದಿಗೆ ಕುಲುಮೆಯಲ್ಲಿ ಕರಗಿಸಿ ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಬೆಸೆದು, ಗಾಳಿ ಆಡುವ ನೆಲಮಾಳಿಗೆಯಲ್ಲಿ ಇಡುತ್ತಾರೆ. ವಿಕಿರಣವಿಲ್ಲದ ಮಾದರಿ ಗಾಜಿನ ತುಂಡೊಂದನ್ನು ತರಬೇತಿಯಲ್ಲಿ ನಮ್ಮ ಕೈಗೆ ಕೊಟ್ಟಿದ್ದರು. ಕಪ್ಪಗೆ, ಒಡೆದ ಬಾಟಲಿಯ ತಳದ ಹಾಗೆ ಹೊಳೆಯುತ್ತಿತ್ತು. ದ್ರವವಾಗಿದ್ದರೆ ಸೋರುತ್ತದೆ. ವಿಷವು ಗಾಜಿನ ಮೈಯೊಳಗೇ ಸೇರಿಹೋದರೆ, ನೀರು ತಗುಲಿದರೂ ಅದು ಹೊರಬರುವುದು ಬಹಳ ನಿಧಾನ.

ಇನ್ನು ಕಾಲದ ಮಾತು. ಆ ಗಾಜಿನಲ್ಲಿರುವ ಸೀಸಿಯಂ-137, ಸ್ಟ್ರಾನ್ಷಿಯಂ-90 ಎರಡೂ ಸುಮಾರು 30 ವರ್ಷಕ್ಕೆ ಅರ್ಧವಾಗುತ್ತವೆ. ಮುದ್ದುರಾಜ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡದ್ದು 1681ರಲ್ಲಿ. ಅಂದು ಕೋಟೆಯಡಿ ಹೂತಿದ್ದರೆ ಇಂದು ಸಾವಿರದಲ್ಲಿ ಒಂದು ಪಾಲೂ ಉಳಿದಿರುತ್ತಿರಲಿಲ್ಲ. ಮುನ್ನೂರು ವರ್ಷ ಕಾಯುವುದು ಮನುಷ್ಯರಿಂದ ಆಗುವ ಕೆಲಸ. ನಮ್ಮ ಐನ್‌ಮನೆಗಳಲ್ಲಿ ಕೆಲವು ಅಷ್ಟು ಕಾಲ ನಿಂತಿವೆ. ಪ್ಲುಟೋನಿಯಂ-239 ಅರ್ಧವಾಗಲು 24,000 ವರ್ಷ ಬೇಕು. ಬಹುಪಾಲು ಹೊರತೆಗೆದರೂ ಚೂರು ಉಳಿಯುತ್ತದೆ, ಹಾಗೆ ದೀರ್ಘಕಾಲ ಬಾಳುವ ಬೇರೆ ಧಾತುಗಳೂ ಇವೆ. ಅಷ್ಟು ಕಾಲ ಕಾವಲು ಕಾಯುತ್ತೇನೆ ಎಂದು ಯಾವ ಸರ್ಕಾರವೂ ಮಾತು ಕೊಡಲು ಬಾರದು. ಅದಕ್ಕೇ ಆಳದ ಬಂಡೆ ಬೇಕು, ಅದಕ್ಕೇ ಜಾಗದ ಚರ್ಚೆಯನ್ನು ಮೊಮ್ಮಕ್ಕಳಿಗೆ ದಾಟಿಸದೆ ಈಗಲೇ ಬಹಿರಂಗವಾಗಿ ನಡೆಸಬೇಕು ಎಂದು ನಾನು ಹೇಳುವುದು. ನಮ್ಮ ದೇಶ ಆ ಚರ್ಚೆಯನ್ನು ಮುಂದೂಡುತ್ತಲೇ ಬಂದಿದೆ, ಇದು ತಪ್ಪು.

ಕೈಗಾದಲ್ಲಿ ಚೆರ್ನೋಬಿಲ್‌ನಂಥದ್ದು ಆದರೆ ನಮ್ಮ ಕಾಫಿ, ಮೆಣಸು, ಕಾವೇರಿಯ ನೀರಿನ ಗತಿ ಏನು?
— ಸಿದ್ದಾಪುರದ ಬೆಳೆಗಾರರು

ನೀರಿನ ವಿಷಯ ಸುಲಭ. ಕೈಗಾ ಇರುವುದು ಕಾಳಿ ನದಿಯ ದಂಡೆಯಲ್ಲಿ, ಅದು ಪಶ್ಚಿಮಕ್ಕೆ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಕಾವೇರಿಗೂ ಅದಕ್ಕೂ ಸಂಬಂಧವಿಲ್ಲ. ಕೈಗಾದಿಂದ ಕೊಡಗಿಗೆ ನೇರ ದೂರ ಸುಮಾರು 300 ಕಿಲೋಮೀಟರ್.

ಗಾಳಿಯ ವಿಷಯ ಅಷ್ಟು ಸುಲಭವಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿದ ಕೆಲವು ದಿನಗಳ ಮೇಲೆ, ಎರಡು ಸಾವಿರ ಕಿಲೋಮೀಟರಿಗೂ ಆಚೆ, ಬ್ರಿಟನ್ನಿನ ವೇಲ್ಸ್ ಮತ್ತು ಕಂಬ್ರಿಯಾದ ಬೆಟ್ಟಗಳ ಮೇಲೆ ಜೋರು ಮಳೆ ಸುರಿಯಿತು. ಮೋಡದ ಜೊತೆ ಸೀಸಿಯಂ ಇಳಿಯಿತು. ಹುಳಿ ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಕೆಲವು ಸಾಕಣೆದಾರರ ಕುರಿ ಮಾರಾಟದ ಮೇಲಿನ ಕಟ್ಟಳೆ ತೆಗೆದದ್ದು 2012ರಲ್ಲಿ. ಬವೇರಿಯಾದ ಕಾಡಿನ ಅಣಬೆ ಮತ್ತು ಕಾಡುಹಂದಿಯನ್ನು ಈಗಲೂ ಅಳೆದು ನೋಡುತ್ತಾರೆ. ಮಳೆಯ ಬೆಟ್ಟ, ಸುಣ್ಣ ಹಾಕಿ ಸರಿಪಡಿಸಬೇಕಾದ ಹುಳಿ ಮಣ್ಣು, ಕಾಡಿನ ಅಣಬೆ: ಇವೆಲ್ಲ ನಮ್ಮ ಕೊಡಗಿನ ಲಕ್ಷಣಗಳೂ ಹೌದು. ದೂರವಿದ್ದೇವೆ, ಅಷ್ಟೇ ಸಾಕು ಎಂದು ನಿಮಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಕೈಗಾ ಚೆರ್ನೋಬಿಲ್ ಅಲ್ಲ. ಚೆರ್ನೋಬಿಲ್‌ನ ರಿಯಾಕ್ಟರಿನಲ್ಲಿ ಉರಿಯುವ ಗ್ರಾಫೈಟ್ ಇತ್ತು, ಸುತ್ತ ಭದ್ರವಾದ ಗುಮ್ಮಟ ಇರಲಿಲ್ಲ. ಕೈಗಾದಲ್ಲಿ ಗ್ರಾಫೈಟಿನ ಜಾಗದಲ್ಲಿ ಉರಿಯದ ಭಾರಜಲ ಇದೆ, ಒಂದರ ಸುತ್ತ ಒಂದರಂತೆ ಎರಡು ಕಾಂಕ್ರೀಟ್ ಗೋಡೆಗಳಿವೆ. ಆ ಗುಮ್ಮಟಗಳಲ್ಲಿ ಒಂದರ ಒಳಮೈ 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದಾಗಲೇ, ಪದರ ಕಿತ್ತು ಕೆಳಗೆ ಬಿತ್ತು. ಇಂಧನ ಬಂದಿರಲಿಲ್ಲ, ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಅದೇ ಸ್ಥಾವರದ ಮೊದಲ ಘಟಕ 2018ರ ಕೊನೆಗೆ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಎರಡನ್ನೂ ನೆನಪಿಡಬೇಕು. ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಕೆಟ್ಟದ್ದು ರಿಯಾಕ್ಟರ್ ನಿಂತ ಮೇಲೆ, ತಣಿಸುವ ಪಂಪುಗಳಿಗೆ ಕರೆಂಟ್ ಇಲ್ಲದೆ. ಕೈಗಾಕ್ಕೆ ಸುನಾಮಿ ಬಾರದು. ಆದರೆ ಅದರ ಮೇಲ್ಗಡೆ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳಿವೆ. ಅವು ಒಡೆದರೆ ನೀರು ಎಷ್ಟು ಎತ್ತರಕ್ಕೆ ಬರುತ್ತದೆ, ಆಗ ಡೀಸೆಲ್ ಜನರೇಟರ್‌ಗಳು ಎಲ್ಲಿರುತ್ತವೆ ಎಂಬುದು ಪ್ರತಿ ವಿಚಾರಣೆಯಲ್ಲೂ ಕೇಳಬೇಕಾದ ಪ್ರಶ್ನೆ.

ಕೈಗಾದ ಕರೆಂಟ್ ಕೇರಳಕ್ಕೆ ಹೋಗಲೆಂದು ನಮ್ಮ ತೋಟದ ಮರಗಳನ್ನು ಕಡಿದರು. ನಷ್ಟ ನಮಗೆ, ಲಾಭ ಯಾರಿಗೆ? ಇವರನ್ನು ಹೇಗೆ ನಂಬುವುದು?
— ದಕ್ಷಿಣ ಕೊಡಗಿನ ಹಿರಿಯರೊಬ್ಬರು

ನೀವು ಹೇಳುವ ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಮಾರ್ಗ ಕೈಗಾದ 3 ಮತ್ತು 4ನೇ ಘಟಕಗಳ ಜೊತೆಗೇ ರೂಪುಗೊಂಡ ಯೋಜನೆ. ಅದಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದವು. ಬಾಳೆಲೆ ಕಡೆಯಲ್ಲಿ ಮರ ಕಡಿದ ಆ ಪಟ್ಟಿಯಲ್ಲಿ ನಿಂತಾಗ ನನಗೂ ಹೊಟ್ಟೆ ಉರಿದಿದೆ. ನೂರಾರು ವರ್ಷದ ನೆರಳಿನ ಮರಗಳಿಗೆ ಪರಿಹಾರದ ಹಣ ಸಮವಾಗದು, ಇದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ.

ನಂಬಿಕೆಯ ಬಗ್ಗೆ ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಸ್ಥಾವರದಲ್ಲಿ ಪಾಳಿ ಮುಗಿಸಿ ಹೊರಡುತ್ತಿದ್ದ ಗುತ್ತಿಗೆ ಕೆಲಸಗಾರನೊಬ್ಬ ಕೈಕಾಲು ಪರೀಕ್ಷಿಸುವ ಯಂತ್ರದ ಮೇಲೆ ನಿಂತಾಗ ಗಂಟೆ ಹೊಡೆಯಿತು. ಬಲಗಾಲಿನ ಶೂ. ಅಂಟಿದ್ದು ಅತಿ ಸಣ್ಣ ಪ್ರಮಾಣ, ಅವನ ಆರೋಗ್ಯಕ್ಕೆ ಏನೂ ಆಗುವಂತಿರಲಿಲ್ಲ. ಶೂ ಬಿಚ್ಚಿಸಿ, ಕಾಲು ತೊಳೆಸಿ, ರಿಜಿಸ್ಟರ್ ತೆರೆದೆ. “ಇಷ್ಟಕ್ಕೆಲ್ಲ ಯಾಕಪ್ಪ ಬರೆಯೋದು” ಎಂದರು ಮೇಲಿನವರು. ಆ ದಿನ ನಾನು ಬರೆಯಲಿಲ್ಲ. ಅವನು ಬರಿಗಾಲಲ್ಲಿ ಬಸ್ಸಿನ ಕಡೆ ನಡೆದ, ಏನಾಯಿತೆಂದು ಅವನಿಗೆ ಸರಿಯಾಗಿ ಹೇಳಿದವರೂ ಇಲ್ಲ. ಮನೆಗೆ ಹೋಗಿ ಅವನು ಏನು ಹೇಳಿರಬಹುದು? ಆ ರಾತ್ರಿ ಅವನ ಕೇರಿಯಲ್ಲಿ ಹುಟ್ಟಿದ ಭಯಕ್ಕೆ ಕಾರಣ ವಿಕಿರಣವಲ್ಲ, ನಾನು. ಆಮೇಲೆ ಎಷ್ಟು ಸಣ್ಣದಾದರೂ ಬರೆಯದೆ ಬಿಟ್ಟಿಲ್ಲ.

2009ರ ನವೆಂಬರ್‌ನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಹೊಕ್ಕಾಗ, ಅದು ಪತ್ತೆಯಾದದ್ದು ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ. ಒಳಗಿನವರ ಕೈವಾಡ ಎಂದು ಆಗ ಹೇಳಿದರು. ಪರೀಕ್ಷೆ ಇತ್ತು, ಆದ್ದರಿಂದ ಗೊತ್ತಾಯಿತು. ಪರೀಕ್ಷೆ ಮಾಡುವವರು ಸ್ಥಾವರ ನಡೆಸುವವರಿಂದ ಸ್ವತಂತ್ರವಾಗಿರಬೇಕು ಎಂಬ ವಾದಕ್ಕೆ ಬಲ ಬರುವುದು ಇಲ್ಲೇ. 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಆ ಸ್ವಾತಂತ್ರ್ಯ ಸಾಲದು ಎಂದು 2012ರಲ್ಲೇ ಮಹಾಲೇಖಪಾಲರ ವರದಿ ಹೇಳಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಲಾಭದ ಲೆಕ್ಕ ಒಳಬಂದ ಮೇಲೆ ಕಾವಲುಗಾರ ಇನ್ನಷ್ಟು ಗಟ್ಟಿಯಾಗಿರಬೇಕು. ನಂಬಿ ಎಂದು ನಿಮ್ಮನ್ನು ನಾನು ಕೇಳುವುದಿಲ್ಲ, ಅಂಕಿಅಂಶ ತೋರಿಸಿ ಎಂದು ಅವರನ್ನು ಕೇಳಿ.

ನಾವು ಕೊಡಗಿನಲ್ಲಿ ಕೂತು ಏನು ಮಾಡಬಹುದು?
— ಸೋಮವಾರಪೇಟೆಯ ಪ್ರೌಢಶಾಲಾ ಶಿಕ್ಷಕಿ

ಇಂದಿನ ಮಣ್ಣನ್ನು ಇಂದೇ ಅಳೆದಿಡಿ, ಮೇಡಂ. ಮುಂದೆ ಏನಾದರೂ ಆಯಿತು ಎಂದು ಯಾರಾದರೂ ಹೇಳಿದರೆ, ಅಥವಾ ಏನೂ ಆಗಿಲ್ಲ ಎಂದರೆ, ಹೋಲಿಸಲು ಮೊದಲಿನ ಅಳತೆ ಬೇಕು. ನಮ್ಮ ಮಣ್ಣು, ಕಲ್ಲು, ಬಾಳೆಹಣ್ಣು ಎಲ್ಲದರಲ್ಲೂ ಸಹಜ ವಿಕಿರಣ ಇದ್ದೇ ಇರುತ್ತದೆ. ಜಗತ್ತಿನಲ್ಲಿ ಸರಾಸರಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಸ್ಥಾವರದಿಂದ ಸಾರ್ವಜನಿಕರಿಗೆ ಇದರ ಮೇಲೆ 1 ಮಿಲಿಸೀವರ್ಟ್ ದಾಟಬಾರದು ಎಂಬುದು ನಿಯಮ. ಮೊದಲು ಎಷ್ಟಿತ್ತು ಎಂದು ತಿಳಿಯದೆ ದಾಟಿತೋ ಇಲ್ಲವೋ ಹೇಳುವುದು ಹೇಗೆ?

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಸಂಶೋಧನಾ ಕೇಂದ್ರವೇ ಇದೆ. ಅವರಿಗೆ ಪತ್ರ ಬರೆಯಿರಿ, ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಕಕ್ಕಡದಲ್ಲಿ ಅಣಬೆ ಏಳುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದೇ ಜಾಗದ ಅಣಬೆ, ಅದರ ಬುಡದ ಮಣ್ಣು, ಹತ್ತಿರದ ಮನೆಯ ಹಾಲು ತನ್ನಿ. ಅಣಬೆ, ಮಣ್ಣು ಒಣಗಿಸಿ ಪುಡಿಮಾಡಿ ಬೇರೆ ಬೇರೆ ಡಬ್ಬಿಗೆ ತುಂಬಿ. ಮಣ್ಣಿನ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಇಟ್ಟು ಆಮೇಲೆ ಎಣಿಸುತ್ತಾರೆ, ಹಾಗಾಗಿ ಫಲಿತಾಂಶಕ್ಕೆ ಅವಸರಪಡಬೇಡಿ. ಡಬ್ಬಿಯ ಮೇಲೆ ಊರು, ತೋಟದ ಗುರುತು, ದಿನಾಂಕ ಇಷ್ಟನ್ನೂ ಮಕ್ಕಳ ಕೈಯಲ್ಲೇ ಬರೆಸಿ, ಅದರ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಯ ಕಪಾಟಿನಲ್ಲಿ ಇಡಿಸಿ.