ಊರಿನ ಪಂಚಾಂಗ, ಕಾಲೇಜಿನ ಕ್ಯಾಲೆಂಡರು

ಕಳೆದ ಸಂಚಿಕೆಯ ಒಳಪುಟದಲ್ಲಿ ಒಂದು ಫೋಟೊ ಹಾಕಿದ್ದೆವು. ಬಿಳಿ ಟೀ ಶರ್ಟು, ಟೋಪಿ ಹಾಕಿಕೊಂಡ ಕಾಲೇಜು ಹುಡುಗ ಹುಡುಗಿಯರು ಹಳ್ಳಿಯ ಬೀದಿಯೊಂದರಲ್ಲಿ ಪೊರಕೆ ಹಿಡಿದು ನಿಂತಿದ್ದರು. ಕೆಳಗೆ ನಾನೇ ನಾಲ್ಕು ಸಾಲು ಹೊಗಳಿ ಬರೆದಿದ್ದೆ. ಅದನ್ನು ನೋಡಿ ತುಮಕೂರು ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಅದರ ಸಾರ ಇಷ್ಟು:

“ನಾಲ್ಕು ವರ್ಷದಲ್ಲಿ ನಮ್ಮೂರಿಗೆ ಮೂರು ಕಾಲೇಜಿನವರು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆ ಬಂದರು. ಮೂರು ಸಲವೂ ಗುಡಿಸಿದ್ದು ಅದೇ ಬೀದಿ. ಬಣ್ಣ ಬಳಿದದ್ದು ಅದೇ ಶಾಲೆಯ ಗೋಡೆ. ಒಬ್ಬರು ಬರೆದ ಘೋಷಣೆಯ ಮೇಲೆ ಇನ್ನೊಬ್ಬರು ಸುಣ್ಣ ಹೊಡೆದು ತಮ್ಮ ಘೋಷಣೆ ಬರೆದರು. ಒಂದು ಸಲ ಮಾರ್ಚ್ ತಿಂಗಳಲ್ಲಿ 60 ಹೊಂಗೆ ಸಸಿ ನೆಟ್ಟರು. ಈಗ ಉಳಿದಿರುವುದು ಏಳು. ಈ ಸೇವೆ ನಮಗೋ, ಅವರ ಸರ್ಟಿಫಿಕೇಟಿಗೋ? ಮುಂದಿನ ಸಲ ಊರಿನವರು ಬೇಡ ಅಂದರೆ ತಪ್ಪಾ?”

ಮೇಷ್ಟ್ರೇ, ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಆ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಬೀದಿ ಮೊದಲೇ ಚೊಕ್ಕಟವಾಗಿದೆ. ಹಿಂದೆ ಮನೆ ಬಾಗಿಲಲ್ಲಿ ಒಬ್ಬ ಅಮ್ಮ ನಿಂತು ಸುಮ್ನೆ ನೋಡುತ್ತಿದ್ದಾರೆ. ಬೆಳಿಗ್ಗೆ ಆ ಬೀದಿ ಗುಡಿಸಿ ರಂಗೋಲಿ ಹಾಕಿದವರು ಅವರೇ ಇರಬೇಕು. ಇಷ್ಟು ದೊಡ್ಡದಾಗಿ ಕಾಣುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪದ. ‘ಮಾರ್ಚ್’. ಹೊಂಗೆ ಗಟ್ಟಿ ಮರ, ನಿಜ. ಹಾಗಂತ ಎಳೆ ಸಸಿಯನ್ನು ಮಾರ್ಚ್‌ನಲ್ಲಿ ನೆಟ್ಟು ಹೋದರೆ ಏಪ್ರಿಲ್, ಮೇ ಬಿಸಿಲಿಗೆ ಅದು ಏನು ಮಾಡೀತು? ಈ ದೇಶದಲ್ಲಿ 1950ರಲ್ಲಿ ವನಮಹೋತ್ಸವ ಶುರು ಮಾಡಿದವರು ಅದನ್ನು ಜುಲೈ ಮೊದಲ ವಾರಕ್ಕೆ ಇಟ್ಟದ್ದು ಮಳೆ ನೋಡಿಕೊಂಡೇ. ನಿಮ್ಮೂರಿಗೆ ಬಂದ ಮಕ್ಕಳಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವರಿಗೆ ಬಿಡುವು ಸಿಕ್ಕಿದ್ದು ಮಾರ್ಚ್‌ನಲ್ಲಿ. ಹಾಗಾಗಿ ಗಿಡಕ್ಕೂ ಮಾರ್ಚೇ ಗತಿಯಾಯಿತು.

ನನಗೆ ತೋಚುವ ಕಾಯಿಲೆ ಇದು, ಮೇಷ್ಟ್ರೇ. ಮಕ್ಕಳ ಮನಸ್ಸು ಕೆಟ್ಟದ್ದಲ್ಲ. ಸರ್ಟಿಫಿಕೇಟಿನ ಆಸೆಯೂ ಅಂಥ ದೊಡ್ಡ ಪಾಪವಲ್ಲ, ನಮಗೇನು ಇರಲಿಲ್ವಾ? ಸೇವೆಯ ದಿನವನ್ನು ಕಾಲೇಜಿನ ಕ್ಯಾಲೆಂಡರು ನೋಡಿ ಗೊತ್ತು ಮಾಡುತ್ತಾರೆ. ಊರಿನ ಪಂಚಾಂಗವನ್ನು ಯಾರೂ ಕೇಳುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. 1987ರಲ್ಲಿ ನಾನು ಬಿ.ಎ. ಎರಡನೇ ವರ್ಷ. ಶಿಬಿರಕ್ಕೆ ಹೋದ ಊರಲ್ಲಿ ನಮ್ಮ ಪಾಲಿಗೆ ಬಂದದ್ದು ಶ್ರಮದಾನದ ರಸ್ತೆ. ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಉಪ್ಪಿಟ್ಟು, ಆಮೇಲೆ ಗುದ್ದಲಿ, ಪಿಕಾಸಿ, ಬಾಂಡ್ಲಿ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಹೆಮ್ಮೆಪಟ್ಟೆವು. ದಿನಾ ಸಂಜೆ ಒಬ್ಬ ಅಜ್ಜ ದನ ಹೊಡೆದುಕೊಂಡು ಹೋಗುವಾಗ ನಿಂತು ನೋಡಿ, “ಅದು ನೀರಿನ ದಾರಿ ಕಣ್ರಪ್ಪಾ” ಅನ್ನುತ್ತಿದ್ದರು. ನಾವು ನಕ್ಕು ತಲೆಯಾಡಿಸುತ್ತಿದ್ದೆವು. ಮುಂಗಾರಿನ ಮೊದಲ ಜೋರು ಮಳೆಗೆ ರಸ್ತೆ ಕೊಚ್ಚಿಹೋಯಿತಂತೆ. ಕಲ್ಲು, ಮಣ್ಣೆಲ್ಲ ಪಕ್ಕದ ಹೊಲಕ್ಕೆ ಹೋಗಿ ಬಿದ್ದು, ಆ ಹೊಲದವರಿಗೆ ಅದನ್ನು ಎತ್ತಿ ಹಾಕುವುದೇ ಕೆಲಸವಾಯಿತಂತೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಮಗೆ ಮಾತ್ರ ಅಷ್ಟರಲ್ಲಿ ಸರ್ಟಿಫಿಕೇಟು ಬಂದಿತ್ತು. ಅದು ಈಗಲೂ ನನ್ನ ಟ್ರಂಕಿನಲ್ಲಿದೆ.

ಈ ಯೋಜನೆ ಹುಟ್ಟಿದ್ದು ಹೀಗಾಗಲಿ ಅಂತಲ್ಲ. ಗಾಂಧೀಜಿಯ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳು. ಶುರು ಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋಗಿದ್ದ ಅರ್ಥಶಾಸ್ತ್ರಜ್ಞರು, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರು. ಎನ್‌ಎಸ್‌ಎಸ್ ಬ್ಯಾಡ್ಜಿನಲ್ಲಿ ಕೋನಾರ್ಕದ ಸೂರ್ಯ ದೇವಾಲಯದ ಚಕ್ರವಿದೆ. ಅದರ ಎಂಟು ಕಡ್ಡಿ ಅಂದರೆ ದಿನದ ಎಂಟು ಜಾವ, 24 ಗಂಟೆ. ಯಾವ ಹೊತ್ತಿಗೆ ಕರೆದರೂ ಸೇವೆಗೆ ಸಿದ್ಧ ಅಂತ ಅದರ ಅರ್ಥ. ಎದೆಯ ಮೇಲೆ ಗಡಿಯಾರ ಕಟ್ಟಿಕೊಂಡವರು ಊರಿನ ಹೊತ್ತು ಕೇಳದೆ ಹೋದದ್ದು ತಮಾಷೆಯೇ.

ಇನ್ನೊಂದು ವಿಷಯ ಊರಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನೀವು ನೋಡುವ ಏಳು ದಿನದ ಶಿಬಿರ ಈ ಯೋಜನೆಯ ಒಂದು ಭಾಗ ಮಾತ್ರ. ಅದನ್ನು ಬಿಟ್ಟು ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು. ವಾರಕ್ಕೆ ಹಂಚಿದರೆ ಎರಡೂವರೆ ಗಂಟೆಯೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಘಟಕ ಅಂದರೆ ಸಾಮಾನ್ಯವಾಗಿ 100 ಮಕ್ಕಳು. ಒಟ್ಟು 12 ಸಾವಿರ ಗಂಟೆ. ದಿನಕ್ಕೆ ಎಂಟು ಗಂಟೆಯ ಕೂಲಿಯಂತೆ ಹಿಡಿದರೆ 1,500 ಆಳು! ತರಬೇತಿ, ಕಾಲೇಜಿನೊಳಗಿನ ಕೆಲಸ ಅಂತ ಸ್ವಲ್ಪ ಕಳೆಯಿರಿ, ಆಮೇಲೂ ಬೇಕಾದಷ್ಟು ಉಳಿಯುತ್ತದೆ. ಎಷ್ಟೋ ಕಡೆ ಈ ಗಂಟೆಗಳು ಜಾಥಾ, ಭಾಷಣ, ದಿನಾಚರಣೆಯಲ್ಲಿ ಕರಗಿಹೋಗುತ್ತವೆ. ನೀವು ಕೇಳಬೇಕಾದ್ದು ಆ ಗಂಟೆಗಳನ್ನು. ಏಳು ದಿನ ಅವರು ಬಂದರೂ ಸರಿ, ಬಿಟ್ಟರೂ ಸರಿ.

ರಕ್ತದಾನವನ್ನೇ ತೆಗೆದುಕೊಳ್ಳಿ. ಕಾಲೇಜು ಕ್ಲಬ್ಬುಗಳು ಮಾಡುವ ಕೆಲಸಗಳಲ್ಲಿ ನಿಜಕ್ಕೂ ಜೀವ ಉಳಿಸುವಂಥದ್ದು ಇದು. ರೆಡ್ ರಿಬ್ಬನ್ ಕ್ಲಬ್, ಯುವ ರೆಡ್‌ಕ್ರಾಸ್, ಎನ್‌ಎಸ್‌ಎಸ್ ಎಲ್ಲರೂ ಮಾಡುತ್ತಾರೆ. ಆದರೆ ಯಾವಾಗ? ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ, ಅವತ್ತು. ಕಾಲೇಜಿನ ಸಂಸ್ಥಾಪಕರ ಹುಟ್ಟುಹಬ್ಬಕ್ಕೆ. ಯಾರೋ ಮುಖಂಡರ ಜನ್ಮದಿನಕ್ಕೆ. ಒಂದೇ ದಿನ ರಾಶಿ ರಾಶಿ ರಕ್ತ ಬರುತ್ತದೆ. ರಕ್ತ ಗೋಡೌನಿನಲ್ಲಿ ಕೂಡಿಡುವ ರಾಗಿಯಲ್ಲ. ಕೆಂಪು ಕಣವನ್ನು 35ರಿಂದ 42 ದಿನ ಇಡಬಹುದು, ಅಷ್ಟೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗೆ ಆಯಸ್ಸು ಐದೇ ದಿನ. ಇತ್ತ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ವರ್ಷಪೂರ್ತಿ. ಏಪ್ರಿಲ್, ಮೇನಲ್ಲಿ ಪರೀಕ್ಷೆ, ರಜೆ ಅಂತ ಕಾಲೇಜು ಬಾಗಿಲು ಹಾಕಿದಾಗ ರಕ್ತನಿಧಿಗಳಲ್ಲಿ ಬಾಟ್ಲಿ ಹುಡುಕುವ ಪರದಾಟ ಶುರು. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್‌ಗೆ ಇನ್ನೊಂದು ಪರದಾಟ.

ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. 100 ಮಕ್ಕಳ ಕ್ಲಬ್ಬು 25ರಂತೆ ನಾಲ್ಕು ಗುಂಪಾಗಿ ಮೂರು ತಿಂಗಳಿಗೊಂದು ಗುಂಪು ಹೋದರೆ ಸಾಕು. ಒಬ್ಬರು ವರ್ಷಕ್ಕೆ ಒಂದೇ ಸಲ ಕೊಟ್ಟ ಹಾಗಾಯಿತು, ರಕ್ತನಿಧಿಗೆ ನಾಲ್ಕು ಸಲ ಬಂದ ಹಾಗೂ ಆಯಿತು. ಬ್ಯಾನರ್ ಕಟ್ಟುವ ಖರ್ಚೂ ಇಲ್ಲ. ಬಹುಶಃ ಅದೇ ತೊಂದರೆ!

ಇದೇ ಶಿಬಿರಗಳಲ್ಲಿ ನಾನು ಕಂಡ ಇನ್ನೊಂದು ದೃಶ್ಯ. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಇರಬೇಕು, ತೂಕ 45 ಕೆಜಿ ದಾಟಿರಬೇಕು. ಸಾಲಿನಲ್ಲಿ ನಿಂತ ಹುಡುಗಿಯರಲ್ಲಿ ಎಷ್ಟೋ ಮಂದಿಯನ್ನು ಬೆರಳು ಚುಚ್ಚಿ ನೋಡಿ ವಾಪಸ್ ಕಳಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ವಾಪಸ್ ಬಂದ ಹುಡುಗಿ ಏನೋ ತಪ್ಪು ಮಾಡಿದವಳ ಹಾಗೆ ಮೂಲೆಯಲ್ಲಿ ಕೂರುತ್ತಾಳೆ. ಬಿಸ್ಕತ್ತು, ಜ್ಯೂಸು ರಕ್ತ ಕೊಟ್ಟವರಿಗೆ ಮಾತ್ರ! ಅವಳ ಹೆಸರು ಬರೆದುಕೊಂಡು, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಬ್ಬಿಣದ ಮಾತ್ರೆ ಕೊಡಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುವ ಕ್ಲಬ್ಬು ಇದ್ದರೆ ಅದರ ಫೋಟೊ ನಾನು ಮುಖಪುಟಕ್ಕೇ ಹಾಕುತ್ತೇನೆ.

ಈ ‘ಯಾವಾಗ’ ಅನ್ನುವುದು ಕಳೆ ಕೀಳುವ ಕೆಲಸದಲ್ಲೂ ಇದೆ. ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಅನ್ನುತ್ತಾರಲ್ಲ, ಅದನ್ನು ಹೂ ಬಿಡುವ ಮೊದಲು ಕೀಳಬೇಕು. ಹೂ ಬಂದು ಬೀಜ ಕಟ್ಟಿದ ಮೇಲೆ ಕಿತ್ತು ಎಳೆದಾಡಿದರೆ ಒಂದೊಂದು ಗಿಡದಿಂದ ಸಾವಿರಾರು ಬೀಜ ಉದುರುತ್ತವೆ. ಅದು ಕೀಳುವುದಲ್ಲ, ಬಿತ್ತುವುದು. ಕೈಗವಸು ಇಲ್ಲದಿದ್ದರೆ ಮಕ್ಕಳಿಗೆ ತುರಿಕೆ ಬೇರೆ.

ಮೈಸೂರಿನ ಒಂದು ಉದಾಹರಣೆ ನಿಮಗೆ ಗೊತ್ತಿರಬಹುದು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಕೆಲವು ಗೆಳೆಯರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿಕೊಂಡರು. ಶುರುವಿನಲ್ಲಿ ಅದೂ ಒಂದು ಹುಡುಗರ ಗುಂಪೇ. ಡಾಕ್ಟರುಗಳಿಗೆ ಬರುವ ಸ್ಯಾಂಪಲ್ ಔಷಧಿ ಕೂಡಿಸಿ ಬಡ ರೋಗಿಗಳಿಗೆ ಕೊಡುವುದು, ರಕ್ತ ಹೊಂದಿಸುವುದು, ಇಂಥವು. ಆಮೇಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿಗೆ ಹೋದರು. ಕಬಿನಿ ಅಣೆಕಟ್ಟು, ಬಂಡೀಪುರ ಅಂತ ನೆಲೆ ಕಳೆದುಕೊಂಡ ಜೇನುಕುರುಬರು, ಕಾಡುಕುರುಬರ ನಡುವೆ ನಿಂತರು. ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಎಲ್ಲ ಬಂದದ್ದು ಹಾಗೆ ನಿಂತ ಮೇಲೆ. ಎಲ್ಲ ಕ್ಲಬ್ಬೂ ಹಾಗಾಗಬೇಕು ಅಂತ ನಾನು ಹೇಳುವುದಿಲ್ಲ, ಆಗುವುದೂ ಇಲ್ಲ. ಡಿಗ್ರಿ ಮುಗಿಸಿ ಕೆಲಸ ಹುಡುಕಬೇಕಾದ ಮಕ್ಕಳು ಅವರು. ಆದರೆ ಮೂರು ಕಾಲೇಜು ಒಂದೊಂದು ಸಲ ಬರುವುದಕ್ಕಿಂತ ಒಂದೇ ಕಾಲೇಜು ಮೂರು ವರ್ಷ ಬಂದರೆ ಎಷ್ಟೋ ವಾಸಿ. ಸಸಿ ನೆಟ್ಟ ಹುಡುಗಿಯೇ ಮುಂದಿನ ವರ್ಷ ಬಂದು ಒಣಗಿದ ಕಡ್ಡಿ ನೋಡಬೇಕು. ನೋಡಿದರೆ ಇನ್ನೊಮ್ಮೆ ಮಾರ್ಚ್‌ನಲ್ಲಿ ನೆಡುವುದಿಲ್ಲ.

‘ದತ್ತು ಗ್ರಾಮ’ ಅನ್ನುವ ಪದ ನನಗೆ ಮೊದಲಿಂದಲೂ ಕಿರಿಕಿರಿ. ನೂರಾರು ವರ್ಷದ ಊರನ್ನು ಮೊನ್ನೆ ಮೊನ್ನೆ ಕಟ್ಟಿದ ಕಾಲೇಜು ದತ್ತು ತೆಗೆದುಕೊಳ್ಳುವುದು ಅಂದರೇನು? ಸರ್ಕಾರಿ ಪದವಿ ಕಾಲೇಜಿನ ಮಕ್ಕಳಲ್ಲಿ ಬಹಳ ಮಂದಿ ಹಳ್ಳಿಯಿಂದಲೇ ಬಸ್ಸು ಹಿಡಿದು ಬರುವವರು. ಅವರನ್ನು ಇನ್ನೊಂದು ಹಳ್ಳಿಗೆ ಕರೆದೊಯ್ದು ‘ಹಳ್ಳಿಯ ಬದುಕು ನೋಡಿ’ ಅಂತ ಭಾಷಣ ಮಾಡಿದರೆ ಅವರು ನಗದೆ ಇರುತ್ತಾರಾ?

ಇನ್ನು ನಿಮ್ಮ ಪ್ರಶ್ನೆ. ಬೇಡ ಅನ್ನುವುದು ತಪ್ಪಲ್ಲ. ಆದರೆ ಅದಕ್ಕಿಂತ ‘ಈಗ ಬೇಡ, ಆಗ ಬನ್ನಿ’ ಅನ್ನಿ. ಶಿಬಿರ ಮಾಡುವ ಮೊದಲು ಕಾರ್ಯಕ್ರಮಾಧಿಕಾರಿಗಳು ಊರಿಗೆ ಬಂದು ಪಂಚಾಯ್ತಿಯವರನ್ನು, ಶಾಲೆಯವರನ್ನು ಕಾಣುವುದು ರೂಢಿ. ಅವತ್ತು ಟೀ ಕೊಟ್ಟು “ಆಗಲಿ ಸಾರ್, ಒಳ್ಳೆ ಕೆಲಸ” ಅಂತ ಕಳಿಸಿಬಿಡುತ್ತೇವೆ. ಅವತ್ತೇ ಊರಿನ ಪಟ್ಟಿ ಕೈಗಿಡಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವೇ ಮೂರು ಕೆಲಸ ಹೇಳಿದ್ದೀರಿ, ಕೋಪದ ನಡುವೆ. ಪಂಚಾಯ್ತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಸಂಜೆ ಮಕ್ಕಳು ಬರುತ್ತಾರೆ, ಓದಿಸುವವರಿಲ್ಲ. ಶನಿವಾರ ಮಧ್ಯಾಹ್ನ ನಾಲ್ಕು ಜನ ಬಂದರೂ ಸಾಕು, ಆದರೆ ಜುಲೈನಿಂದ ಮಾರ್ಚ್‌ವರೆಗೆ ತಪ್ಪದೆ ಬರಬೇಕು. ವೃದ್ಧಾಪ್ಯ ವೇತನ, ರೇಷನ್ ಕಾರ್ಡಿನ ಇ-ಕೆವೈಸಿ, ಪಹಣಿಯ ಹೆಸರು ತಿದ್ದುಪಡಿ ಅಂತ ಅಜ್ಜ ಅಜ್ಜಿಯರು ಫಾರಂ ಹಿಡಿದು ಅಲೆಯುತ್ತಾರೆ. ತಿಂಗಳಿಗೊಂದು ದಿನ ಪಂಚಾಯ್ತಿ ಜಗಲಿಯಲ್ಲಿ ಒಂದು ಮೇಜು ಹಾಕಿ ಕೂತರೆ ದೊಡ್ಡ ಉಪಕಾರ. ಒಂದೇ ಎಚ್ಚರ: ಓಟಿಪಿ ಅವರ ಫೋನಿನಲ್ಲಿ, ಅವರ ಮನೆಯವರ ಮುಂದೆಯೇ ಇರಲಿ. ಮೂರನೆಯದು ಕೆರೆಗೆ ನೀರು ಬರುವ ಕಾಲುವೆಯ ಹೂಳು. ಅದು ಮೇ ಮುಗಿಯುವ ಮೊದಲು ಆಗಬೇಕು ಅಂದಿದ್ದೀರಿ. ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಮೇನಲ್ಲಿ ಪರೀಕ್ಷೆ ಇದ್ದರೆ ಆ ಕೆಲಸ ಈ ಮಕ್ಕಳದ್ದಲ್ಲ, ಸರ್ಕಾರದ ಗ್ರಾಮೀಣ ಉದ್ಯೋಗ ಯೋಜನೆಯಲ್ಲಿ ಹಾಕಿಸಿ. ಎಲ್ಲ ಕೆಲಸಕ್ಕೂ ವಿದ್ಯಾರ್ಥಿಗಳೇ ಆಗಬೇಕಿಲ್ಲ.

ಊರುಗಳ ಮಾತಾಯಿತು. ಪಟ್ಟಣದ ಕ್ಲಬ್ಬಿನವರು ಇದನ್ನು ಓದುತ್ತಿದ್ದರೆ ಒಂದು ಮಾತು ಸೇರಿಸಬೇಕು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಲು ಇನ್ನೊಬ್ಬರ ಕೈ ಬೇಕು. ಬರೆಯಲು ಬರುತ್ತೇನೆ ಅಂದವರು ಹಿಂದಿನ ರಾತ್ರಿ ಫೋನ್ ಎತ್ತದಿದ್ದರೆ ಒಂದು ವರ್ಷ ಹೋಯಿತು. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಅಭ್ಯರ್ಥಿ ತಾನೇ ಕರೆತರುವ ಬರಹಗಾರರ ಓದು ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತಿತ್ತು. ಅಂದರೆ ಪದವಿ ಓದುವವರು ಎಂ.ಎ. ಬರೆಯುವವರಿಗೆ ಕೈಯಾಗಬಹುದಿತ್ತು. ಗಂಟೆಗೆ 20 ನಿಮಿಷ ಹೆಚ್ಚು ಸಮಯ ಇರುವುದರಿಂದ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಕೂರಬೇಕು. ಪರೀಕ್ಷೆಯ ಹಾಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ. ಅದಕ್ಕೇ ಈ ಕೆಲಸ ನನಗೆ ಇಷ್ಟ.

ಮೇಷ್ಟ್ರೇ, ನಿಮ್ಮ ಪಟ್ಟಿಯನ್ನು ತಿಂಗಳುವಾರು ಬರೆದು ಕಳಿಸಿ. ಊರಿನ ಹೆಸರು ಹಾಕಬಹುದು ಅಂದರೆ ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ, ಕಳೆದ ಸಲ ಆ ಫೋಟೊ ಬಂದ ಪುಟದಲ್ಲೇ. ನಿಮ್ಮ ಹತ್ತಿರದ ಕಾಲೇಜುಗಳಿಗೆ ಪ್ರತಿ ತಲುಪಿಸುವ ಹೊಣೆ ನನ್ನದು.

ಒಂದು ಮಾತ್ರ ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿದೆ. 60ರಲ್ಲಿ ಏಳು ಹೊಂಗೆ ಉಳಿದಿವೆ ಅಂದಿರಿ. ಮಾರ್ಚ್‌ನಲ್ಲಿ ನೆಟ್ಟ ಗಿಡ ತಾನಾಗಿ ಬೇಸಿಗೆ ದಾಟುವುದಿಲ್ಲ. ನೀರು ಹಾಕಿದವರು ಯಾರು ಅಂತ ಬರೆದಿಲ್ಲ. ನಿಮ್ಮ ಮನೆ ಶಾಲೆಯ ಎದುರಿಗೇ ಇದೆ ಅಂತ ಮಾತ್ರ ಮೊದಲ ಪುಟದಲ್ಲಿದೆ.

- ಸಂಪಾದಕ