ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್ ತೀರ್ಮಾನಿಸುವವರೆಗೆ ವಿಮೆ ಆರಿಸದೆ ಕಾಯಬಹುದೇ?

ದಯವಿಟ್ಟು ಕಾಯಬೇಡಿ. ವಿಮೆಯ ಕಂತಿಗೆ ಸರ್ಕಾರ ಕೊಡುವ ಸಹಾಯಧನದ ವಿಷಯದಲ್ಲಿ ಅಮೆರಿಕದ ಎರಡೂ ಪಕ್ಷಗಳು ಒಂದು ನಿಲುವಿಗೆ ಬರಲಿ, ಆಮೇಲೆ ಮುಂದಿನ ವರ್ಷದ ಆರೋಗ್ಯ ವಿಮೆ ಆರಿಸುತ್ತೇನೆ ಎಂದಿದ್ದೀರಿ. 2025ರ ಕೊನೆಯಲ್ಲಿ ನಾನೂ ಹೀಗೇ ಕುಳಿತಿದ್ದೆ.

ನನ್ನದು ಸ್ವಂತ ಉದ್ಯೋಗ. ನನಗೂ ನನ್ನ ಹೆಂಡತಿಗೂ ಒಬಾಮಾಕೇರ್ ಮಾರುಕಟ್ಟೆಯ, ಅಂದರೆ ಜನರು ತಾವೇ ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ವ್ಯವಸ್ಥೆಯ, ವಿಮೆಯೇ ಗತಿ. 2021ರಲ್ಲಿ ಹೆಚ್ಚಿಸಿದ ಸಹಾಯಧನದಿಂದಾಗಿ ಕಂತು ಕೈಗೆಟುಕುತ್ತಿತ್ತು. ಆ ಹೆಚ್ಚಳದ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯುವುದಿತ್ತು. ಅದನ್ನು ಮುಂದುವರಿಸಲೇಬೇಕೆಂದು ಡೆಮಾಕ್ರಟರು ಪಟ್ಟು ಹಿಡಿದರು. ಮೊದಲು ಸರ್ಕಾರದ ಖರ್ಚಿಗೆ ಒಪ್ಪಿಗೆ ಕೊಡಿ, ಮಾತು ಆಮೇಲೆ ಎಂದರು ರಿಪಬ್ಲಿಕನ್ನರು. ಸೆನೆಟ್‌ನಲ್ಲಿ ಬೇಕಿದ್ದ 60 ಮತ ಯಾರ ಬಳಿಯೂ ಇರಲಿಲ್ಲ. ಖರ್ಚಿಗೆ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ 43 ದಿನ ಸರ್ಕಾರವೇ ಸ್ಥಗಿತಗೊಂಡಿತು.

ನವೆಂಬರ್‌ನಲ್ಲಿ ನವೀಕರಣದ ಪತ್ರ ಬಂತು. ಕಂತು ಹಳೆಯದರ ಎರಡು ಪಟ್ಟಿಗೂ ಹೆಚ್ಚು. ಸಿಟ್ಟಿನಲ್ಲಿ ತಾನಾಗಿಯೇ ಆಗುತ್ತಿದ್ದ ನವೀಕರಣವನ್ನು ರದ್ದು ಮಾಡಿದೆ. ಡಿಸೆಂಬರ್‌ನಲ್ಲಿ ಸಹಾಯಧನ ಮುಂದುವರಿಸುವ ಬಗ್ಗೆ ಸೆನೆಟ್ ಮತ ಹಾಕುತ್ತದೆ, ಹೊಸ ದರ ನೋಡಿ ಆರಿಸೋಣ ಎಂಬುದು ನನ್ನ ಲೆಕ್ಕ. ಡಿಸೆಂಬರ್ 11ರಂದು ಮತದಾನವಾಯಿತು. 60 ಬೇಕಿದ್ದಲ್ಲಿ 51 ಬಂದವು. ಆದರೂ ಕೊನೆಯ ಗಳಿಗೆಯಲ್ಲಿ ಏನಾದರೂ ಆದೀತೆಂದು ಸುಮ್ಮನಿದ್ದೆ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ದಿನಾಂಕ, ಜನವರಿ 15. ಅದು ಆ ಬಾರಿ ಹೆಸರು ನೋಂದಾಯಿಸಲು ಕೊನೆಯ ದಿನವಾಗಿತ್ತು, ನಿಜ. ಆದರೆ ಜನವರಿ 1ರಿಂದಲೇ ರಕ್ಷಣೆ ಬೇಕಿದ್ದರೆ ಡಿಸೆಂಬರ್ 15ರೊಳಗೆ ಆರಿಸಬೇಕಿತ್ತು. ಆಮೇಲೆ ಆರಿಸಿದವರಿಗೆ ವಿಮೆ ಶುರುವಾದದ್ದು ಫೆಬ್ರವರಿ 1ಕ್ಕೆ. ನಡುವಿನ ತಿಂಗಳು ಬರಿದು. ಹಳೆಯದನ್ನು ನಾನೇ ರದ್ದು ಮಾಡಿದ್ದೆನಲ್ಲ, ಅದೂ ಇಲ್ಲ. ಜನವರಿಯ ಎರಡನೆಯ ವಾರ ಹೆಂಡತಿ ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮಣಿಕಟ್ಟು ಮುರಿಯಿತು. ತುರ್ತು ಚಿಕಿತ್ಸೆ, ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಎಲ್ಲವೂ ಪೂರ್ತಿ ನಮ್ಮ ತಲೆಗೇ ಬಂತು. ಆಸ್ಪತ್ರೆಯ ಸಾಲವನ್ನು ಇಂದಿಗೂ ಕಂತಿನಲ್ಲಿ ತೀರಿಸುತ್ತಿದ್ದೇವೆ.

ಕಾದಿದ್ದರಿಂದ ಒಂದು ಡಾಲರ್ ಲಾಭವೂ ಇರಲಿಲ್ಲ ಎಂಬುದು ಈಗಲೂ ಹೊಟ್ಟೆ ಉರಿಸುತ್ತದೆ. 2021ರಲ್ಲಿ ಸಹಾಯಧನ ಹೆಚ್ಚಿಸಿದ ಕಾನೂನು ಬಂದದ್ದು ಮಾರ್ಚ್‌ನಲ್ಲಿ, ಅನ್ವಯವಾದದ್ದು ಜನವರಿಯಿಂದ. ಮೊದಲೇ ಮಾರುಕಟ್ಟೆಯಲ್ಲಿ ವಿಮೆ ಕೊಂಡಿದ್ದವರಿಗೆ ಹಿಂದಿನ ತಿಂಗಳುಗಳದ್ದೂ ಸಿಕ್ಕಿತು. ಒಳಗಿದ್ದವನಿಗೆ ಸಂಸತ್ತು ತಡವಾಗಿ ಕೊಟ್ಟರೂ ಕೈಸೇರುತ್ತದೆ. ಹೊರಗಿದ್ದವನಿಗೆ ಸೇರಬೇಕಾದದ್ದೇ ಇರುವುದಿಲ್ಲ.

ಯಾವ ಪಕ್ಷ ಮೊದಲು ಮಣಿಯುತ್ತದೆ ಎಂದೂ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಅದರ ಹಿಂದೆ ಬಿದ್ದು ನಾನು 43 ರಾತ್ರಿ ಸುದ್ದಿ ನೋಡಿದೆ. ನನ್ನ ರಾಜ್ಯದ ನೋಂದಣಿ ಪುಟವನ್ನು ಒಮ್ಮೆಯೂ ಪೂರ್ತಿ ಓದಲಿಲ್ಲ. ನೀವು ಹುಡುಕಬೇಕಾದದ್ದು ನಿಮ್ಮ ಆದಾಯದ ಅಂಕಿ. ಹೆಚ್ಚಳ ಹೋದರೂ ಹಳೆಯ ಮೂಲ ಸಹಾಯಧನ ಉಳಿದಿತ್ತು; ಅದನ್ನು ಪಡೆಯಲು 2026ರ ವಿಮೆಗೆ ಇಬ್ಬರ ಕುಟುಂಬದ ವಾರ್ಷಿಕ ಆದಾಯದ ಮಿತಿ 84,600 ಡಾಲರ್. ಆ ಮಿತಿಯನ್ನು ಒಂದು ಡಾಲರ್ ದಾಟಿದರೂ ಸಹಾಯಧನ ಸೊನ್ನೆ. ನಾವು ತುಸುವೇ ಮೇಲಿದ್ದೆವು. ತೆರಿಗೆ ವಿನಾಯಿತಿಯ ನಿವೃತ್ತಿ ಖಾತೆಗೆ ಇನ್ನಷ್ಟು ಹಣ ಹಾಕಿದರೆ ಲೆಕ್ಕದ ಆದಾಯ ಇಳಿಯುತ್ತದೆ ಎಂದು ತೆರಿಗೆ ಸಲಹೆಗಾರರು ಹೇಳಿದ್ದು ಫೆಬ್ರವರಿಯಲ್ಲಿ. ನೀವು ಅವರನ್ನು ಈ ವಾರವೇ ಕೇಳಿ. ನಿಮ್ಮ ರಾಜ್ಯದಲ್ಲಿ ಜನವರಿ 1ರಿಂದ ವಿಮೆ ಶುರುವಾಗಲು ಕೊನೆಯ ದಿನ ಯಾವುದೆಂದು ಇಂದೇ ನೋಡಿ, ಹೊಸದು ಕೈಗೆ ಬರುವವರೆಗೆ ಹಳೆಯ ವಿಮೆಯನ್ನು ಮುಟ್ಟಬೇಡಿ.