ಟಿಕೆಟ್ ಇಲ್ಲದ ಸೆಕ್ಯುರಿಟಿ ಕಾನ್ಫರೆನ್ಸ್‌ಗೆ ಸ್ಪಾನ್ಸರ್ ಎಲ್ಲಿ ಸಿಗುತ್ತಾರೆ?

ಮೈಸೂರಿನಲ್ಲಿ 200 ಜನರಿಗೆ ಒಂದು ದಿನದ ಇನ್ಫೊಸೆಕ್ (ಅಂದರೆ ಕಂಪ್ಯೂಟರ್, ಮಾಹಿತಿ ಸುರಕ್ಷತೆಯ) ಕಾನ್ಫರೆನ್ಸ್ ಮಾಡಬೇಕು, ಪ್ರವೇಶ ಉಚಿತ, 40 ಕಂಪನಿಗಳಿಗೆ ಮೇಲ್ ಹಾಕಿದರೂ ಒಬ್ಬರೂ ಉತ್ತರ ಕೊಟ್ಟಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇಂಥ ಮೂರು ಕಾರ್ಯಕ್ರಮಗಳಿಗೆ ದುಡ್ಡು ಹೊಂದಿಸುವ ಕೆಲಸ ನನ್ನ ತಲೆಗೇ ಬಂದಿತ್ತು. ಮೊದಲ ಸಲ ನಾನೂ ನಿಮ್ಮ ಹಾಗೆಯೇ ಮೇಲ್ ಹಾಕಿ ಕಾದು ಕೂತಿದ್ದೆ. ಎರಡು ಉತ್ತರ ಬಂದವು. ಎರಡೂ ಆಟೊ ರಿಪ್ಲೈ.

ಆ 40 ಮೇಲ್ ಮರೆತುಬಿಡಿ. ನಿಮ್ಮ ತಿಂಗಳ ಮೀಟ್‌ಅಪ್‌ಗೆ ಬರುವವರ ಪಟ್ಟಿ ತೆಗೆಯಿರಿ. ಒಬ್ಬೊಬ್ಬರ ಹೆಸರಿನ ಮುಂದೆ ಅವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಬರೆಯಿರಿ. ನಿಮ್ಮ ಸ್ಪಾನ್ಸರ್‌ಗಳು ಅಲ್ಲಿದ್ದಾರೆ. ಮಾರ್ಕೆಟಿಂಗ್ ವಿಭಾಗದವರಿಗೆ ನೀವು ಯಾರೋ ಏನೋ. ಆದರೆ ಅದೇ ಕಂಪನಿಯ ಸೆಕ್ಯುರಿಟಿ ಟೀಮ್ ಮ್ಯಾನೇಜರ್‌ಗೆ ಮೂರು ತಿಂಗಳಿಂದ ಒಬ್ಬ ಒಳ್ಳೆ ಪೆನ್‌ಟೆಸ್ಟರ್ (ಅನುಮತಿ ಪಡೆದು ಹ್ಯಾಕ್ ಮಾಡಿ ದೋಷ ಹುಡುಕುವವ) ಸಿಕ್ಕಿರುವುದಿಲ್ಲ. ಶನಿವಾರದ ನಿದ್ದೆ ಬಿಟ್ಟು ಸೆಕ್ಯುರಿಟಿ ಬಗ್ಗೆ ಕೇಳಲು ಬರುವ 200 ಜನರನ್ನು ಒಂದೇ ಕಡೆ ನೋಡುವುದು ಅವನಿಗೆ ಲಾಭವೇ. ಅವನ ಟೀಮ್‌ನಲ್ಲಿ ಇರುವ ನಿಮ್ಮ ಗೆಳೆಯನೇ ಹೋಗಿ ಕೇಳಲಿ. ನೀವು ಬರೆದುಕೊಟ್ಟ ಅರ್ಧ ಪುಟ ಅವನ ಕೈಯಲ್ಲಿರಲಿ. 20 ಪುಟದ ಪಿಡಿಎಫ್ ಯಾರೂ ಓದುವುದಿಲ್ಲ.

ಯಾರನ್ನು ಕೇಳಬೇಕು ಎನ್ನುವುದರಲ್ಲೂ ಸ್ವಲ್ಪ ಲೆಕ್ಕಾಚಾರ ಬೇಕು. ಫೈರ್‌ವಾಲ್ ಥರದ್ದನ್ನು ಮಾರುವ ಕಂಪನಿಗಳ ಹತ್ತಿರ ಕಾಸು ಜಾಸ್ತಿ ಇರುತ್ತದೆ, ನಿಜ. ಆದರೆ ಅವರು ಹುಡುಕುವುದು ಕೊಳ್ಳುವವರನ್ನು. ನಿಮ್ಮ ಸಭಾಂಗಣದಲ್ಲಿ ಅರ್ಧ ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳಾದರೆ ಅವರಿಗೆ ಅಲ್ಲಿ ಕೆಲಸವಿಲ್ಲ. ಸುಮ್ನೆ 'ಸಿಐಎಸ್ಒಗಳು (ಕಂಪನಿಗಳ ಸೆಕ್ಯುರಿಟಿ ಮುಖ್ಯಸ್ಥರು) ಬರುತ್ತಾರೆ' ಎಂದು ಬರೆಯಬೇಡಿ, ಮುಂದಿನ ವರ್ಷ ಅವರು ಫೋನ್ ಎತ್ತುವುದಿಲ್ಲ. ವಿದ್ಯಾರ್ಥಿಗಳೇ ಜಾಸ್ತಿ ಇದ್ದರೆ, ಕೆಲಸಕ್ಕೆ ಜನ ಬೇಕಾದ ಕಂಪನಿಗಳ ಬಾಗಿಲು ತಟ್ಟಿ. ಟ್ರೇನಿಂಗ್ ಸಂಸ್ಥೆಗಳು ಕರೆಯದಿದ್ದರೂ ಬರುತ್ತವೆ. ಬಂದ ಮೇಲೆ ಮೈಕ್ ಕೇಳುತ್ತವೆ.

ಮೈಕ್ ಮಾತ್ರ ಮಾರಬೇಡಿ. ಆಸಕ್ತರೇ ಸೇರಿ ನಡೆಸುವ ಬಿಸೈಡ್ಸ್ ಎಂಬ ಸೆಕ್ಯುರಿಟಿ ಕಾನ್ಫರೆನ್ಸ್ ಶುರುವಾಗಿದ್ದು 2009ರಲ್ಲಿ, ಲಾಸ್ ವೇಗಸ್‌ನ ಒಂದು ಬಾಡಿಗೆ ಮನೆಯಲ್ಲಿ. ಬ್ಲ್ಯಾಕ್ ಹ್ಯಾಟ್ ಎಂಬ ದೊಡ್ಡ ಕಾನ್ಫರೆನ್ಸ್‌ನಲ್ಲಿ ಜಾಗ ಸಿಗದ ಒಳ್ಳೊಳ್ಳೆ ಮಾತುಗಳಿಗೆ ಒಂದು ವೇದಿಕೆ ಬೇಕಿತ್ತು, ಅಷ್ಟೇ. ಅದೇ ದಾರಿಯಲ್ಲಿ ಹೊರಟ ನೀವು ದುಡ್ಡು ಕೊಟ್ಟವರಿಗೆ ಅರ್ಧ ಗಂಟೆ ಬಿಟ್ಟುಕೊಟ್ಟರೆ, ಜನ ಆ ಅರ್ಧ ಗಂಟೆ ಹೊರಗೆ ಟೀ ಕುಡಿಯುತ್ತಾರೆ. ನಾವು ಮೊದಲ ವರ್ಷ ಹೀಗೆ ಒಂದು ಸ್ಲಾಟ್ ಕೊಟ್ಟೆವು. ಮಾತಾಡುವವರ ಮುಂದೆ ಕೂತಿದ್ದವರು ನಮ್ಮ ವಾಲಂಟಿಯರ್‌ಗಳು ಮಾತ್ರ!

ಇನ್ನು ದುಡ್ಡು. ಸಾಧ್ಯವಾದಷ್ಟು ದುಡ್ಡನ್ನು ಮುಟ್ಟಲೇ ಬೇಡಿ. ಬೆಂಗಳೂರಿನಲ್ಲಿ ನಲ್ (null) ಎಂಬ ಸೆಕ್ಯುರಿಟಿ ಆಸಕ್ತರ ಸಮುದಾಯದ ಮೀಟ್‌ಗಳು ಎಷ್ಟೋ ವರ್ಷಗಳಿಂದ ಉಚಿತವಾಗಿಯೇ ನಡೆಯುತ್ತಿವೆ. ಯಾವುದಾದರೂ ಕಂಪನಿ ಶನಿವಾರ ತನ್ನ ಆಫೀಸಿನ ಜಾಗ ಕೊಡುತ್ತದೆ, ಮುಗಿಯಿತು. ನಿಮಗೆ ಕಾಲೇಜಿನ ಆಡಿಟೋರಿಯಂ ಸಿಕ್ಕಿದರೆ ದೊಡ್ಡ ಖರ್ಚು ಹೋಯಿತು. ಊಟದ ಬಿಲ್ಲನ್ನು ಸ್ಪಾನ್ಸರ್ ನೇರವಾಗಿ ಅಡುಗೆಯವರಿಗೇ ಕೊಡಲಿ. ಹಾಗಾಗಿ ಗೋಲ್ಡ್, ಸಿಲ್ವರ್ ಎಂದೆಲ್ಲ ಸ್ಪಾನ್ಸರ್ ದರ್ಜೆ ಮಾಡುವ ಬದಲು ವಸ್ತುವನ್ನೇ ಕೇಳಿ: ಮಧ್ಯಾಹ್ನದ ಊಟ, ಎರಡು ಹೊತ್ತಿನ ಟೀ, ಸಿಟಿಎಫ್ (ಹ್ಯಾಕಿಂಗ್ ಸ್ಪರ್ಧೆ) ಬಹುಮಾನ, ಹೊರಊರಿನ ಭಾಷಣಕಾರರ ರೈಲು ಟಿಕೆಟ್. ಐದು ಲಕ್ಷ ಎಂದರೆ ಫೈಲು ಮೇಲಕ್ಕೆ ಹೋಗಿ ಅಲ್ಲೇ ಮಲಗುತ್ತದೆ. ಟೀ ಖರ್ಚಿಗೆ ಮ್ಯಾನೇಜರ್ ಅಲ್ಲೇ ಸಹಿ ಹಾಕುತ್ತಾನೆ.

ದುಡ್ಡೇ ತೆಗೆದುಕೊಳ್ಳುವುದಾದರೆ ಯಾರ ಖಾತೆಗೆ ಎನ್ನುವುದನ್ನು ಈಗಲೇ ತೀರ್ಮಾನ ಮಾಡಿ. ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಒಂದು ಕಂಪನಿ ಒಪ್ಪಿತು, ನಾವು ಲೋಗೊ ಹಾಕಿ ಬ್ಯಾನರನ್ನೂ ಪ್ರಿಂಟ್ ಮಾಡಿಸಿದೆವು. ಆಮೇಲೆ ವೆಂಡರ್ ರಿಜಿಸ್ಟ್ರೇಷನ್ ಫಾರಂ ಬಂತು. ಸಂಸ್ಥೆಯ ಪ್ಯಾನ್ ಎಲ್ಲಿ, ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲಿ, ಜಿಎಸ್‌ಟಿ ನಂಬರ್ ಎಲ್ಲಿ? ನಮ್ಮ ಹತ್ತಿರ ಸಂಸ್ಥೆಯೇ ಇರಲಿಲ್ಲ, ಒಂದು ವಾಟ್ಸ್‌ಆ್ಯಪ್ ಗುಂಪಿತ್ತು. ಕೊನೆಗೆ ಪರಿಚಯದ ಟ್ರಸ್ಟ್ ಒಂದರ ಮೂಲಕ ಹಣ ಬಂದಾಗ ಕಾರ್ಯಕ್ರಮ ಮುಗಿದು ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಶಾಮಿಯಾನದವರಿಗೆ ನನ್ನ ಜೇಬಿನಿಂದಲೇ ಕೊಟ್ಟೆ. ಸ್ಪಾನ್ಸರ್ ಹಣ ಕಾರ್ಯಕ್ರಮಕ್ಕಿಂತ ಮುಂಚೆ ಬರುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕಿ.

ತೆರಿಗೆ ವಿಷಯ: ಸ್ಪಾನ್ಸರ್‌ಶಿಪ್ ಮೇಲೆ 18% ಜಿಎಸ್‌ಟಿ ಇದೆ. ಪಡೆಯುವವರು ಟ್ರಸ್ಟ್ ಅಥವಾ ಸಂಘವಾಗಿ, ಕೊಡುವವರು ಕಂಪನಿಯಾದರೆ, ಅದನ್ನು ರಿವರ್ಸ್ ಚಾರ್ಜ್ ಲೆಕ್ಕದಲ್ಲಿ ಆ ಕಂಪನಿಯೇ ಕಟ್ಟುತ್ತದೆ. ನೀವೇ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದರೆ 2025ರ ಜನವರಿಯಿಂದ ನಿಯಮ ಬೇರೆ, ಜಿಎಸ್‌ಟಿ ನೋಂದಣಿ ಇದ್ದರೆ ನೀವೇ ಬಿಲ್ಲಿಗೆ ಸೇರಿಸಿ ಕಟ್ಟಬೇಕು. ಒಬ್ಬ ಸಿಎಯನ್ನು ಒಂದು ಗಂಟೆ ಕೂರಿಸಿಕೊಂಡು ಕೇಳಿ. 'ಸಿಎಸ್‌ಆರ್ ಫಂಡ್ (ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಹಣ) ಕೇಳಿ' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಬ್ರ್ಯಾಂಡ್ ಪ್ರಚಾರಕ್ಕೆ ಕೊಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಆಗುವುದಿಲ್ಲ ಎಂದು ನಿಯಮದಲ್ಲೇ ಇದೆ.

ಯಾವಾಗ ಕೇಳುತ್ತೀರಿ ಎನ್ನುವುದೂ ಮುಖ್ಯ. ನಮ್ಮ ಕಂಪನಿಗಳ ವರ್ಷ ಏಪ್ರಿಲ್‌ಗೆ ಶುರು, ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಬಜೆಟ್ ಬರೆಯುವಾಗಲೇ ಕಿವಿಗೆ ಹಾಕಿ. ಅಮೆರಿಕದ ಮೂಲ ಕಂಪನಿಗಳದ್ದು ಹೆಚ್ಚಾಗಿ ಜನವರಿಗೆ, ಅವರನ್ನು ಅಕ್ಟೋಬರ್ ಹೊತ್ತಿಗೆ ಹಿಡಿಯಬೇಕು. ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮಿಟ್ ಬಂತೆಂದರೆ ಮಾರ್ಕೆಟಿಂಗ್‌ನವರು ಯಾರೂ ಕೈಗೆ ಸಿಗುವುದಿಲ್ಲ. ಐಐಎಸ್‌ಸಿ ಆಶ್ರಯದಲ್ಲಿ ರಾಜ್ಯ ಸರ್ಕಾರದ ಸೈಬರ್ ಸೆಕ್ಯುರಿಟಿ ಕೇಂದ್ರವೊಂದಿದೆ, ಅವರಿಗೂ ಒಂದು ಪತ್ರ ಬರೆಯಿರಿ. ಹಣಕ್ಕಲ್ಲ, ಒಬ್ಬ ಭಾಷಣಕಾರರಿಗೆ. ಅವರ ಹೆಸರು ನಿಮ್ಮ ಪುಟದಲ್ಲಿ ಬಂದರೆ ಕಾಲೇಜಿನ ಪ್ರಿನ್ಸಿಪಾಲರು ಆಡಿಟೋರಿಯಂ ಕೀಲಿ ಬೇಗ ಕೊಡುತ್ತಾರೆ.

ಒಂದು ಮಾತು ಬಾಕಿ ಇದೆ. ಸ್ಪಾನ್ಸರ್ ಮಾತು ಮುಗಿಸಿ ಏಳುವ ಹೊತ್ತಿಗೆ 'ಬಂದವರ ಫೋನ್ ನಂಬರ್, ಮೇಲ್ ಪಟ್ಟಿ ಕಳಿಸಿಬಿಡಿ' ಎನ್ನುತ್ತಾರೆ. ಆಗಲ್ಲ ಎಂದುಬಿಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಒಂದು ಕಡೆಗಿರಲಿ, ಸೆಕ್ಯುರಿಟಿ ಕಾನ್ಫರೆನ್ಸ್‌ನಿಂದಲೇ ನಂಬರ್ ಸೋರಿದರೆ ಜನ ನಗುವುದಿಲ್ಲವೇ? ಅವರ ಸ್ಟಾಲ್‌ನಲ್ಲಿ ಒಂದು ಕ್ಯುಆರ್ ಕೋಡ್ ಇಡಲು ಹೇಳಿ. ಬೇಕಾದವರು ತಾವೇ ಕೊಡುತ್ತಾರೆ. ಈ ಮಾತಿಗೆ ನಮ್ಮಿಂದ ಒಬ್ಬ ಸ್ಪಾನ್ಸರ್ ದೂರ ಹೋದರು, ಉಳಿದವರು ಹೋಗಲಿಲ್ಲ.

ತಾರೀಕು ಇನ್ನೂ ನಿಕ್ಕಿ ಆಗಿಲ್ಲ ಅಲ್ವಾ? ದಸರಾ ವಾರ ಮಾತ್ರ ಬೇಡ. ಭಾಷಣಕಾರರಿಗೆ ಮೈಸೂರಿನಲ್ಲಿ ರೂಮ್ ಕೊಡಿಸಲು ಇನ್ನೊಬ್ಬ ಸ್ಪಾನ್ಸರ್ ಹುಡುಕಬೇಕಾಗುತ್ತದೆ.